ಕೋಡಿಂಗ್ ಬರಲ್ವಾ? ಪರವಾಗಿಲ್ಲ, ಕೂತ್ಕೊಳ್ಳಿ: ಬಿಎ, ಬಿಕಾಂ ಗೆಳೆಯರಿಗೆ ಆಲ್ಗರಿದಂ ಪಾಠ

ಬಸ್ಸಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ನಾಳೆ ಇಂಟರ್ನಲ್ಸ್ ಇಟ್ಕೊಂಡು ಇವತ್ತು ಇದನ್ನ ಕೇಳ್ತಾ ಕೂತಿರೋ ಮಹಾನುಭಾವರಿಗೂ ಸ್ವಾಗತ.

ಇವತ್ತಿನ ಸಂಚಿಕೆ ಬಿಎ, ಬಿಕಾಂ, ಬಿಬಿಎ ಓದ್ತಿರೋರಿಗೆ. ಬಿಇ, ಬಿಸಿಎ ಅವರು ಹಿಂದಿನ ಬೆಂಚಲ್ಲಿ ಕೂತು ಕೇಳಬಹುದು. ಆದ್ರೆ ಮಧ್ಯೆ ಮಧ್ಯೆ "ಅಯ್ಯೋ, ಇದು ನಮಗೆ ಗೊತ್ತು" ಅನ್ನೋ ಹಾಗಿಲ್ಲ.

ನಾನೂ ಬಿಕಾಂ. ನಮ್ಮ ಕಾಲೇಜಲ್ಲೂ ಕಂಪ್ಯೂಟರ್ ಅಂತ ಒಂದು ಪೇಪರ್ ಇತ್ತು. ಮೊದಲನೇ ತಲೆಮಾರಿನ ಕಂಪ್ಯೂಟರ್‌ನಲ್ಲಿ ವ್ಯಾಕ್ಯೂಮ್ ಟ್ಯೂಬ್, ಎರಡನೇ ತಲೆಮಾರಿನದ್ರಲ್ಲಿ ಟ್ರಾನ್ಸಿಸ್ಟರ್. ರ‍್ಯಾಮ್‌ನ ಫುಲ್ ಫಾರ್ಮ್ ಬರೆಯಿರಿ, ಎರಡು ಅಂಕ. ವರ್ಡ್‌ನಲ್ಲಿ ಮೇಲ್ ಮರ್ಜ್ ಮಾಡೋದು ಹೇಗೆ, ಐದು ಅಂಕ. ಪಾಸಾದ್ವಿ, ಮರೆತ್ವಿ. ಕಂಪ್ಯೂಟರ್ ಸೈನ್ಸ್ ಅಂದ್ರೆ ಏನು ಅಂತ ಆ ಪೇಪರ್‌ನಿಂದ ಗೊತ್ತಾಗೋದು, ಕಾರಿನ ಬಿಡಿಭಾಗಗಳ ಪಟ್ಟಿ ಓದಿ ಡ್ರೈವಿಂಗ್ ಗೊತ್ತಾದ ಹಾಗೆ.

ಇನ್ನೊಂದು ಕಡೆ, "ಆಲ್ಗರಿದಂ" ಅನ್ನೋ ಪದ ಮಾತ್ರ ಎಲ್ಲರ ಬಾಯಲ್ಲೂ ಇದೆ. ರೀಲ್ ಓಡಲಿಲ್ಲ ಅಂದ್ರೆ ಆಲ್ಗರಿದಂ. ಆಟೋ ರೇಟ್ ಜಾಸ್ತಿ ತೋರಿಸಿದ್ರೆ ಆಲ್ಗರಿದಂ. ನಮ್ಮಜ್ಜಿ ಗ್ರಹಚಾರ ಅನ್ನೋ ಜಾಗದಲ್ಲೆಲ್ಲ ನಾವು ಆಲ್ಗರಿದಂ ಅಂತೀವಿ. ಗ್ರಹಚಾರದ ತೊಂದರೆ ಏನಂದ್ರೆ, ಅದನ್ನ ಪ್ರಶ್ನೆ ಮಾಡೋಕೆ ಆಗಲ್ಲ. ಆಲ್ಗರಿದಂ ಹಾಗಲ್ಲ. ಅದು ಯಾರೋ ಮನುಷ್ಯರು ಕೂತು ಬರೆದ ನಿಯಮ. ನಿಯಮ ಅಂದಮೇಲೆ ಅದನ್ನ ಓದಬಹುದು, ಕೈಯಲ್ಲಿ ಆಡಿ ನೋಡಬಹುದು, "ಇದ್ಯಾಕೆ ಹೀಗೆ" ಅಂತ ಕೇಳಬಹುದು. ಅದಕ್ಕೆ ಕೋಡಿಂಗ್ ಬರಬೇಕು ಅಂತ ಏನಿಲ್ಲ. ಕೇಳಿ ಕೇಳಿ ನಿಯಮವನ್ನೇ ಬದಲಾಯಿಸಿದ ಜನ ಇದ್ದಾರೆ, ಅವರ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಪದದ ಬಗ್ಗೆ ಒಂದು ನಿಮಿಷ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಅಂತ ಒಬ್ಬ ಗಣಿತಜ್ಞ ಇದ್ದ. ನಮ್ಮ ಕಡೆಯ ಅಂಕಿಗಳನ್ನ ಬಳಸಿ ಲೆಕ್ಕ ಮಾಡೋದು ಹೇಗೆ ಅಂತ ಪುಸ್ತಕ ಬರೆದ. ಅದು ಲ್ಯಾಟಿನ್‌ಗೆ ಹೋದಾಗ ಅವನ ಹೆಸರು ತಿರುಚಿಕೊಂಡು ಆಲ್ಗರಿದಂ ಆಯ್ತು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಮುಂದೆ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಹೆಸರು ನೋಡಿ, ವ್ಯವಹಾರಗಣಿತ. ಪಕ್ಕಾ ಬಿಕಾಂ ಪುಸ್ತಕ. ಇವೆಲ್ಲ ಕಂಪ್ಯೂಟರ್ ಸೈನ್ಸ್ ಅಂತ ನಾನು ಹೇಳ್ತಿಲ್ಲ, ವಾಟ್ಸಾಪ್‌ನಲ್ಲಿ ಹಾಗೆ ಫಾರ್ವರ್ಡ್ ಮಾಡಬೇಡಿ. ಇಷ್ಟೇ: "ಹೀಗೆ ಮಾಡು, ಆಮೇಲೆ ಹೀಗೆ ಮಾಡು, ಉತ್ತರ ಬರುತ್ತೆ" ಅಂತ ಹಂತ ಹಂತವಾಗಿ ಬರೆದಿಡೋ ಅಭ್ಯಾಸ ಕರೆಂಟ್‌ಗಿಂತ ಸಾವಿರ ವರ್ಷ ಹಳೇದು.

ಎಲ್ಲರೂ ಆಲ್ಗರಿದಂ ಅಂದ್ರೆ ಅಡುಗೆ ರೆಸಿಪಿ ಇದ್ದ ಹಾಗೆ ಅಂತಾರೆ. ಅರ್ಧ ಸರಿ. ಉಪ್ಪಿಟ್ಟಿನ ರೆಸಿಪಿಯಲ್ಲಿ "ರುಚಿಗೆ ತಕ್ಕಷ್ಟು ಉಪ್ಪು" ಅಂತ ಒಂದು ಸಾಲು ಇರುತ್ತಲ್ಲ, ಅಲ್ಲಿಗೆ ಅದು ಆಲ್ಗರಿದಂ ಆಗೋದು ನಿಂತುಹೋಗುತ್ತೆ. ಯಾರ ರುಚಿ? ಎಷ್ಟು ತಕ್ಕಷ್ಟು? ಯಾರು ಮಾಡಿದ್ರೂ ಯೋಚನೆ ಮಾಡದೇ ಮಾಡೋಕೆ ಆಗೋ ಹಾಗೆ, ಎಲ್ಲೂ ಊಹೆಗೆ ಜಾಗ ಬಿಡದ ಹಾಗೆ ಬರೆದ್ರೆ ಅದು ಆಲ್ಗರಿದಂ.

ಕೇಳೋಕೆ ಸುಲಭ. ಮಾಡಿ ನೋಡಿದಾಗ ಕಷ್ಟ ಗೊತ್ತಾಗುತ್ತೆ. ಕನ್ನಡ ನಿಘಂಟಿನಲ್ಲಿ ಪದ ಹುಡುಕೋದನ್ನೇ ತಗೊಳ್ಳಿ. ಒಂದು ಲಕ್ಷ ಪದ ಇರೋ ನಿಘಂಟು. ಮೊದಲನೇ ಪುಟದಿಂದ ಒಂದೊಂದೇ ಪದ ನೋಡ್ತಾ ಹೋದ್ರೆ, ನಸೀಬು ಕೆಟ್ಟಿದ್ರೆ ಒಂದು ಲಕ್ಷ ಸಲ ನೋಡಬೇಕು. ಯಾರೂ ಹಾಗೆ ಮಾಡಲ್ಲ. ಮಧ್ಯಕ್ಕೆ ತೆಗೀತೀವಿ. ನಮ್ಮ ಪದ ಇದಕ್ಕಿಂತ ಮುಂಚೆ ಬರುತ್ತೋ ಆಮೇಲೆ ಬರುತ್ತೋ ನೋಡ್ತೀವಿ. ಅರ್ಧ ಪುಸ್ತಕ ಬಿಟ್ಟುಬಿಡ್ತೀವಿ. ಉಳಿದ ಅರ್ಧದ ಮಧ್ಯಕ್ಕೆ ತೆಗೀತೀವಿ. ಮತ್ತೆ ಅರ್ಧ ಬಿಡ್ತೀವಿ. ಹೀಗೆ ಕಟ್ಟುನಿಟ್ಟಾಗಿ ಅರ್ಧ ಅರ್ಧ ಮಾಡ್ತಾ ಹೋದ್ರೆ ಒಂದು ಲಕ್ಷ ಪದದಲ್ಲಿ ಹೆಚ್ಚೆಂದ್ರೆ 17 ಸಲಕ್ಕೆ ಸಿಕ್ಕಿಬಿಡುತ್ತೆ. ನಿಘಂಟು ಡಬಲ್ ಆಗಿ ಎರಡು ಲಕ್ಷ ಆದ್ರೆ? 34 ಅಲ್ಲ. 18. ಒಂದೇ ಒಂದು ಹೆಜ್ಜೆ ಜಾಸ್ತಿ. 140 ಕೋಟಿ ಭಾರತೀಯರ ಹೆಸರನ್ನ ಅಕ್ಷರಕ್ರಮದಲ್ಲಿ ಜೋಡಿಸಿಟ್ರೆ, ಒಬ್ಬರನ್ನ ಹುಡುಕೋಕೆ 31 ಹೆಜ್ಜೆ ಸಾಕು. ಕ್ಯಾಲ್ಕ್ಯುಲೇಟರ್‌ನಲ್ಲಿ 2ನ್ನ 2ರಿಂದ ಗುಣಿಸ್ತಾ ಹೋಗಿ, 31ನೇ ಸಲಕ್ಕೆ 200 ಕೋಟಿ ದಾಟಿರುತ್ತೆ. ಕಂಪ್ಯೂಟರ್ ಫಾಸ್ಟ್ ಅಂತ ನಾವು ಹೊಗಳೋದ್ರಲ್ಲಿ ದೊಡ್ಡ ಪಾಲು ಹೀಗೆ ಯೋಚನೆ ಮಾಡಿದ ಮನುಷ್ಯರಿಗೆ ಸೇರಬೇಕು.

ಆದ್ರೆ ಇದಕ್ಕೆ ಒಂದು ಷರತ್ತು ಇದೆ: ಪದಗಳು ಕ್ರಮದಲ್ಲಿ ಇರಬೇಕು. ಕ್ರಮ ಅಂದ್ರೆ ಯಾವ ಕ್ರಮ? "ಕ್ಷಮೆ" ಅನ್ನೋ ಪದ ಎಲ್ಲಿ ಹುಡುಕ್ತೀರ? ಒಂದನೇ ಕ್ಲಾಸಿನ ಚಾರ್ಟ್‌ಗಳಲ್ಲಿ ಕ್ಷ, ಜ್ಞ ಎರಡನ್ನೂ ಎಷ್ಟೋ ಸಲ ಕೊನೇಲಿ, ಳ ಆದ್ಮೇಲೆ ಹಾಕಿರ್ತಾರೆ. ನಿಘಂಟಿನಲ್ಲಿ ಅದು ಕ ಅಕ್ಷರದ ಒಳಗೇ ಇರುತ್ತೆ, ಯಾಕಂದ್ರೆ ಅದು ಕ-ಕಾರಕ್ಕೆ ಷ-ಕಾರದ ಒತ್ತು. "ಅಂಗಡಿ" ಮೊದಲೋ "ಅಕ್ಕಿ" ಮೊದಲೋ? ವರ್ಣಮಾಲೆಯಲ್ಲಿ ಅಂ ಬರೋದು ಔ ಆದ್ಮೇಲೆ ತಾನೇ? ನಮಗೆ ಇದು ತಲೆನೋವೇ ಅಲ್ಲ, ಅಲ್ಲಿ ಇಲ್ಲಿ ನೋಡಿ ಹುಡುಕಿಬಿಡ್ತೀವಿ. ಯಂತ್ರಕ್ಕೆ ಮಾತ್ರ ಯಾರಾದ್ರೂ ಒಬ್ಬರು ತೀರ್ಮಾನ ಮಾಡಿ ಹೇಳಲೇಬೇಕು. ಆ ತೀರ್ಮಾನಕ್ಕೆ ಬೇಕಾಗಿರೋದು ಕನ್ನಡ ಗೊತ್ತಿರೋ ಬಿಎ ವಿದ್ಯಾರ್ಥಿ. ಪ್ರೋಗ್ರಾಮರ್ ಆಮೇಲೆ ಬರೋದು.

ಇನ್ನು ಕ್ರಮಕ್ಕೆ ಜೋಡಿಸೋದು. 60 ಉತ್ತರ ಪತ್ರಿಕೆಗಳನ್ನ ರಿಜಿಸ್ಟರ್ ನಂಬರ್ ಪ್ರಕಾರ ಜೋಡಿಸಬೇಕು ಅಂದ್ಕೊಳ್ಳಿ. ಒಂದು ದಾರಿ, ಇಸ್ಪೀಟು ಎಲೆ ಕೈಯಲ್ಲಿ ಜೋಡಿಸ್ಕೊಳ್ಳೋ ಹಾಗೆ: ಒಂದೊಂದೇ ಪತ್ರಿಕೆ ತಗೊಂಡು, ಈಗಾಗಲೇ ಜೋಡಿಸಿರೋದ್ರ ಜೊತೆ ಒಂದೊಂದಾಗಿ ಹೋಲಿಸ್ತಾ ಅದರ ಜಾಗಕ್ಕೆ ತೂರಿಸೋದು. ತೀರಾ ಉಲ್ಟಾ ಕ್ರಮದಲ್ಲಿದ್ರೆ ಇದಕ್ಕೆ 1,770 ಸಲ ಹೋಲಿಸಬೇಕಾಗುತ್ತೆ. ಇನ್ನೊಂದು ದಾರಿ: ಕಟ್ಟನ್ನ ಎರಡು ಮಾಡಿ, ಎರಡನ್ನೂ ಬೇರೆ ಬೇರೆ ಜೋಡಿಸಿ, ಆಮೇಲೆ ಎರಡರ ಮೇಲಿನ ಪತ್ರಿಕೆ ನೋಡ್ತಾ ಚಿಕ್ಕದನ್ನ ತೆಗೀತಾ ಒಂದು ಮಾಡೋದು. ಆ ಅರ್ಧ ಕಟ್ಟನ್ನ ಹೇಗೆ ಜೋಡಿಸೋದು? ಅದನ್ನೂ ಎರಡು ಮಾಡಿ. ಕೊನೆಗೆ ಕೈಯಲ್ಲಿ ಒಂದೊಂದೇ ಪತ್ರಿಕೆ ಉಳಿಯೋ ತನಕ. ಈ ದಾರಿಯಲ್ಲಿ 360 ಹೋಲಿಕೆಯೂ ಬೇಕಾಗಲ್ಲ. 600 ಪತ್ರಿಕೆ ಆದ್ರೆ ಮೊದಲನೇ ದಾರಿಗೆ 1,79,700ರ ತನಕ ಹೋಗಬಹುದು, ಎರಡನೇದಕ್ಕೆ 6,000 ಕೂಡ ಆಗಲ್ಲ. ಕೆಲಸ ಅದೇ, ಪತ್ರಿಕೆ ಅದೇ, ಫಲಿತಾಂಶವೂ ಅದೇ. ಮಾಡೋ ರೀತಿ ಬೇರೆ. ಕಂಪ್ಯೂಟರ್ ಸೈನ್ಸ್‌ನ ಜೀವ ಇರೋದು ಇಲ್ಲಿ, ವ್ಯಾಕ್ಯೂಮ್ ಟ್ಯೂಬಿನಲ್ಲಿ ಅಲ್ಲ.

ಬಿಕಾಂ ಅವರಿಗೆ ಒಂದು ಗುಟ್ಟು ಹೇಳ್ತೀನಿ. ನೀವು ಇದನ್ನ ಈಗಾಗಲೇ ಮಾಡ್ತಿದ್ದೀರ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೇ ಇದ್ದಾಗ ಏನ್ ಮಾಡ್ತೀರ? ಒಳ್ಳೆ ಮೇಷ್ಟ್ರು ಹೇಳಿಕೊಟ್ಟಿದ್ರೆ, ಮೊದಲು ವ್ಯತ್ಯಾಸದ ಅರ್ಧ ಎಷ್ಟು ನೋಡ್ತೀರ. 500 ವ್ಯತ್ಯಾಸ ಬಂದ್ರೆ 250ರ ಎಂಟ್ರಿ ಎಲ್ಲಿದೆ ಹುಡುಕ್ತೀರ, ಡೆಬಿಟ್‌ಗೆ ಹೋಗಬೇಕಾದದ್ದು ಕ್ರೆಡಿಟ್‌ಗೆ ಹೋಗಿರಬಹುದು ಅಂತ. ಸಿಗಲಿಲ್ಲ ಅಂದ್ರೆ ವ್ಯತ್ಯಾಸ 9ರಿಂದ ಭಾಗ ಆಗುತ್ತಾ ನೋಡ್ತೀರ. ಆದ್ರೆ, ಯಾವುದೋ ಅಂಕಿ ಅದಲುಬದಲು ಆಗಿರಬಹುದು. 540 ಬರೆಯೋ ಕಡೆ 450 ಬರೆದ್ರೆ ವ್ಯತ್ಯಾಸ 90, ಒಂಬತ್ತರಿಂದ ಭಾಗ ಆಗುತ್ತೆ. ಇಡೀ ಲೆಡ್ಜರ್ ಮೊದಲಿಂದ ತಿರುಗಿಸದೇ, ತಪ್ಪು ಎಲ್ಲಿರಬಹುದು ಅಂತ ಜಾಗ ಕಿರಿದು ಮಾಡ್ತಾ ಹೋಗೋದು. ಸಾಫ್ಟ್‌ವೇರ್ ಕಂಪನಿಯಲ್ಲಿ ಇದಕ್ಕೆ ಡಿಬಗ್ಗಿಂಗ್ ಅಂತಾರೆ, ಸಂಬಳ ಕೊಡ್ತಾರೆ. ಇನ್ನು ಸ್ಟಾಕ್ ವ್ಯಾಲ್ಯುಯೇಷನ್‌ನಲ್ಲಿ ಫಿಫೋ, ಲಿಫೋ ಓದಿದೀರಲ್ಲ? ಮೊದಲು ಬಂದದ್ದು ಮೊದಲು ಹೋಗೋದು, ಕೊನೆಗೆ ಬಂದದ್ದು ಮೊದಲು ಹೋಗೋದು. ಕಂಪ್ಯೂಟರ್ ಸೈನ್ಸ್‌ನಲ್ಲಿ ಕ್ಯೂ, ಸ್ಟ್ಯಾಕ್ ಅಂತ ಎರಡು ಪಾಠ ಇದೆ, ಅವರೂ ಫಿಫೋ, ಲಿಫೋ ಅನ್ನೋ ಇದೇ ಪದ ಬಳಸ್ತಾರೆ. ರೇಷನ್ ಅಂಗಡಿ ಸಾಲು ಕ್ಯೂ. ಮೆಸ್ಸಲ್ಲಿ ಒಂದರ ಮೇಲೊಂದು ಇಟ್ಟ ತಟ್ಟೆ ಸ್ಟ್ಯಾಕ್.

ಸರಿ. ಇಷ್ಟು ಹೊತ್ತು ಹೇಳಿದ್ದು ವೇಗದ ವಿಷಯ. ಈಗ ಇನ್ನೊಂದು ವಿಷಯ, ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾಗಿರೋದು. ಕೆಲವು ಆಲ್ಗರಿದಂಗಳಿಗೆ "ಸರಿಯಾದ ಉತ್ತರ" ಅಂತ ಒಂದೇ ಇರಲ್ಲ. ನಿಯಮ ಬದಲಾದ್ರೆ ಯಾರಿಗೆ ಏನು ಸಿಗುತ್ತೆ ಅನ್ನೋದೇ ಬದಲಾಗುತ್ತೆ.

ಪ್ರತಿ ವರ್ಷ ಸಿಇಟಿ ರಿಸಲ್ಟ್ ಬಂದಮೇಲೆ ಸೈಬರ್ ಸೆಂಟರ್‌ಗಳ ಮುಂದೆ ಅಪ್ಪ ಅಮ್ಮ ಮಕ್ಕಳು ನಿಂತಿರ್ತಾರಲ್ಲ, ಆಪ್ಷನ್ ಎಂಟ್ರಿಗೆ. ಅಲ್ಲಿ ಒಬ್ಬ ದೊಡ್ಡಣ್ಣ ಇದ್ದೇ ಇರ್ತಾನೆ. "ಮೊದಲನೇ ಆಪ್ಷನ್‌ಗೇ ಆ ದೊಡ್ಡ ಕಾಲೇಜ್ ಹಾಕಬೇಡ, ನಿನ್ನ ರ‍್ಯಾಂಕಿಗೆ ಬರಲ್ಲ. ಸಿಗೋ ಅಂಥದ್ದನ್ನ ಮೇಲೆ ಹಾಕು. ಇಲ್ಲಾಂದ್ರೆ ಅದೂ ಹೋಗುತ್ತೆ, ಇದೂ ಹೋಗುತ್ತೆ." ಈ ಮಾತು ಸರಿನಾ ತಪ್ಪಾ? ಇದಕ್ಕೆ ಉತ್ತರ ದೊಡ್ಡಣ್ಣನ ಅನುಭವದಲ್ಲಿ ಇಲ್ಲ. ಸೀಟು ಹಂಚೋ ನಿಯಮದಲ್ಲಿ ಇದೆ. ಒಂದು ನಿಯಮದಲ್ಲಿ ಅವನ ಮಾತು ನೂರಕ್ಕೆ ನೂರು ಸರಿ, ಇನ್ನೊಂದರಲ್ಲಿ ನೂರಕ್ಕೆ ನೂರು ತಪ್ಪು.

ಆಡಿ ನೋಡೋಣ. ಮೂರು ಕಾಲೇಜು: ಕೆಂಪು, ಹಸಿರು, ಹಳದಿ. ತಲಾ ಒಂದೇ ಸೀಟು. ಮೂರು ಜನ: ನಿಮ್ಮ ಗೆಳತಿ, ನೀವು, ಪಕ್ಕದ್ಮನೆ ಹುಡುಗ. ರ‍್ಯಾಂಕೂ ಅದೇ ಕ್ರಮ. ಗೆಳತಿ ಒಂದು, ನೀವು ಎರಡು, ಹುಡುಗ ಮೂರು. ಗೆಳತಿಗೂ ನಿಮಗೂ ಒಂದೇ ಆಸೆ: ಮೊದಲು ಕೆಂಪು, ಆಮೇಲೆ ಹಸಿರು, ಕೊನೆಗೆ ಹಳದಿ. ಹುಡುಗನಿಗೆ ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ಹಳದಿ. ಪೆನ್ ಇದ್ರೆ ಬರ್ಕೊಳ್ಳಿ, ಇಲ್ಲಾಂದ್ರೂ ತಲೇಲಿ ಇಟ್ಕೊಳ್ಳಬಹುದು.

ಮೊದಲನೇ ನಿಯಮ: ಮೊದಲು ಎಲ್ಲರ ಮೊದಲನೇ ಆಯ್ಕೆ ನೋಡೋಣ, ಸೀಟು ಹಂಚಿ ಮುಗಿಸೋಣ. ಆಮೇಲೆ ಉಳಿದವರ ಎರಡನೇ ಆಯ್ಕೆ, ಉಳಿದ ಸೀಟಿಗೆ. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಮೊದಲ ಸುತ್ತಲ್ಲಿ ಕೆಂಪಿಗೆ ಗೆಳತಿಯೂ ನೀವೂ ಬಂದ್ರಿ, ಗೆಳತಿ ರ‍್ಯಾಂಕ್ ಮುಂದೆ, ಅವಳಿಗೆ ಸಿಕ್ತು. ಹಸಿರಿಗೆ ಹುಡುಗ ಒಬ್ಬನೇ ಬಂದ, ಅವನಿಗೆ ಸಿಕ್ತು, ಬಾಗಿಲು ಮುಚ್ತು. ಎರಡನೇ ಸುತ್ತಲ್ಲಿ ನೀವು ಹಸಿರಿಗೆ ಹೋದ್ರೆ ಸೀಟಿಲ್ಲ. ನಿಮ್ಮ ರ‍್ಯಾಂಕ್ ಹುಡುಗನಿಗಿಂತ ಮುಂದೆ, ಆದ್ರೂ ನಿಮಗೆ ಹಳದಿ. ನೀವು ಸುಳ್ಳು ಹೇಳಿ ಹಸಿರನ್ನ ಮೊದಲು ಹಾಕಿದ್ರೆ ಹಸಿರು ನಿಮ್ಮದೇ ಆಗ್ತಿತ್ತು. ನಿಜ ಬರೆದದ್ದಕ್ಕೆ ದಂಡ. ಇಲ್ಲಿ ದೊಡ್ಡಣ್ಣನ ಮಾತೇ ವೇದವಾಕ್ಯ.

ಇದು ನಾನು ಪಾಠಕ್ಕೆ ಅಂತ ಕಟ್ಟಿದ ನಿಯಮ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಸರ್ಕಾರಿ ಶಾಲೆಗಳ ಸೀಟು 2005ರವರೆಗೆ ಇದೇ ಥರ ಹಂಚ್ತಿದ್ರು. ಈ ವಿಷಯ ಓದೋರು ಇದಕ್ಕೆ ಬಾಸ್ಟನ್ ವಿಧಾನ ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಏನಾಗ್ತಿತ್ತು ಅಂದ್ರೆ, ಗೊತ್ತಿರೋ ಪೋಷಕರು ಗುಂಪು ಕಟ್ಕೊಂಡು, ಯಾವ ಶಾಲೆಗೆ ಎಷ್ಟು ರಶ್ ಇದೆ ಅಂತ ಲೆಕ್ಕ ಹಾಕಿ, ಯಾವುದನ್ನ ಮೇಲೆ ಹಾಕಬೇಕು ಅಂತ ತಂತ್ರ ಮಾಡ್ತಿದ್ರು. ಆ ಸಭೆಗೆ ಹೋಗೋಕೆ ಪುರುಸೊತ್ತು ಇಲ್ಲದವರು, ಎರಡು ಕಡೆ ಕೆಲಸ ಮಾಡೋರು, ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಬರೆಯೋರು. ಅವರ ಮಕ್ಕಳು ಹಳದಿಗೆ. 2003ರಲ್ಲಿ ಅಬ್ದುಲ್‌ಕಾದಿರೋಗ್ಲು ಮತ್ತು ಸೋನ್ಮೆಜ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಈ ತೊಂದರೆಯನ್ನ ಬಿಡಿಸಿ ಬರೆದ್ರು. ಗಮನಿಸಿ, ಅರ್ಥಶಾಸ್ತ್ರಜ್ಞರು. ಸಾರ್ವಜನಿಕ ಚರ್ಚೆ ಆಯ್ತು, 2005ರಲ್ಲಿ ನಿಯಮ ಬದಲಾಯ್ತು. ಬದಲಾವಣೆಗೆ ಶಾಲಾ ಆಡಳಿತ ಕೊಟ್ಟ ಮುಖ್ಯ ಕಾರಣ ವೇಗ ಅಲ್ಲ, ಖರ್ಚು ಅಲ್ಲ. ತಂತ್ರ ಮಾಡೋಕೆ ಗೊತ್ತಿಲ್ಲದ ಪೋಷಕರಿಗೆ ಆಗ್ತಿರೋ ನಷ್ಟ ಕಡಿಮೆ ಮಾಡಬೇಕು ಅನ್ನೋದು.

ಬದಲಿಗೆ ತಂದ ನಿಯಮ ಹಳೇದೇ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಅಂತ ಇಬ್ಬರು ಗಣಿತಜ್ಞರು ಏಳೆಂಟು ಪುಟದ ಒಂದು ಲೇಖನ ಬರೆದ್ರು, ಕಾಲೇಜು ಪ್ರವೇಶ ಮತ್ತು ಮದುವೆಗಳ ಸ್ಥಿರತೆ ಬಗ್ಗೆ. ಹೌದು, ಗಣಿತದ ಪತ್ರಿಕೆಯಲ್ಲೇ. ಅದರ ಕೊನೆಯಲ್ಲಿ ಅವರೇ ಹೇಳ್ಕೊಳ್ತಾರೆ, ಇದರಲ್ಲಿ ಸೂತ್ರಗಳಿಲ್ಲ, ಸಾಮಾನ್ಯ ಇಂಗ್ಲಿಷ್‌ನಲ್ಲೇ ವಾದ ಇದೆ, ಕ್ಯಾಲ್ಕ್ಯುಲಸ್ ಗೊತ್ತಿರಬೇಕಾಗಿಲ್ಲ, ಆದ್ರೂ ಇದು ಗಣಿತವೇ ಅಂತ. ನನಗೆ ತುಂಬ ಇಷ್ಟವಾದ ಭಾಗ ಅದು. 2012ರಲ್ಲಿ ಶೇಪ್ಲಿಗೆ, ಆಲ್ವಿನ್ ರೋತ್ ಅವರ ಜೊತೆ, ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ರು.

ಅವರ ನಿಯಮದಲ್ಲಿ ಇರೋ ವ್ಯತ್ಯಾಸ ಒಂದೇ ಪದ: ತಾತ್ಕಾಲಿಕ. ಮತ್ತೆ ಆಡೋಣ. ಗೆಳತಿಯೂ ನೀವೂ ಕೆಂಪಿಗೆ, ಹುಡುಗ ಹಸಿರಿಗೆ. ಕೆಂಪು ಗೆಳತಿಯನ್ನ ಇಟ್ಕೊಳ್ತು, ನಿಮ್ಮನ್ನ ಕಳಿಸ್ತು. ಹಸಿರು ಹುಡುಗನನ್ನ ಇಟ್ಕೊಳ್ತು, ಆದ್ರೆ ತಾತ್ಕಾಲಿಕವಾಗಿ. ಈಗ ನೀವು ಹಸಿರಿಗೆ ಹೋದ್ರಿ. ನಿಮ್ಮ ರ‍್ಯಾಂಕ್ ಮುಂದೆ, ಹಾಗಾಗಿ ಹಸಿರು ನಿಮ್ಮನ್ನ ಇಟ್ಕೊಂಡು ಹುಡುಗನನ್ನ ಕಳಿಸ್ತು. ಅವನು ಕೆಂಪಿಗೆ ಹೋದ, ಅಲ್ಲಿ ಗೆಳತಿ ಮುಂದೆ. ಹಳದಿಗೆ ಹೋದ, ಸಿಕ್ತು. ಇನ್ಯಾರೂ ಅಲೆಯೋರು ಇಲ್ಲ ಅಂದಾಗ ತಾತ್ಕಾಲಿಕ ಅನ್ನೋದೆಲ್ಲ ಪಕ್ಕಾ. ನೀವು ನಿಜವನ್ನೇ ಬರೆದ್ರಿ, ನಿಮಗೆ ಹಸಿರು ಸಿಕ್ತು. ಈ ನಿಯಮದಲ್ಲಿ ಪಟ್ಟಿ ಸಾಕಷ್ಟು ಉದ್ದ ಬರೆಯೋಕೆ ಬಿಟ್ರೆ, ವಿದ್ಯಾರ್ಥಿ ಸುಳ್ಳು ಹೇಳಿ ತನ್ನ ಸೀಟು ಉತ್ತಮ ಮಾಡ್ಕೊಳ್ಳೋಕೆ ಸಾಧ್ಯವೇ ಇಲ್ಲ ಅಂತ ಸಾಧಿಸಿ ತೋರಿಸಿದ್ದಾರೆ. "ಹೆಚ್ಚಾಗಿ ಸಾಧ್ಯ ಇಲ್ಲ" ಅಲ್ಲ, ಸಾಧ್ಯವೇ ಇಲ್ಲ.

ಹುಡುಗನಿಗೆ ಹಳದಿ ಬಂತಲ್ಲ, ಪಾಪ? ಹೌದು, ಬಂತು. ಸೀಟು ಮೂರೇ ಇತ್ತು, ಆಲ್ಗರಿದಂ ನಾಲ್ಕನೇ ಸೀಟು ಹುಟ್ಟಿಸಲ್ಲ. ಅದನ್ನ ಮಾಡಬೇಕಾದ್ದು ಸರ್ಕಾರ.

ಈಗ ಸಿಇಟಿಗೆ ಬರೋಣ. ಅಲ್ಲಿ ಸೀಟು ಹಂಚೋದು ರ‍್ಯಾಂಕಿನ ಸರದಿಯಲ್ಲಿ. ಮೀಸಲಾತಿ ವರ್ಗಗಳು, ಗ್ರಾಮೀಣ, ಕನ್ನಡ ಮಾಧ್ಯಮ ಇವೆಲ್ಲ ಸೇರಿ ಲೆಕ್ಕ ಇನ್ನೂ ಜಟಿಲ, ಆದ್ರೆ ತಿರುಳು ಇಷ್ಟು: ನಿಮ್ಮ ಸರದಿ ಬಂದಾಗ ಯಂತ್ರ ನಿಮ್ಮ ಪಟ್ಟಿಯನ್ನ ಮೊದಲನೇ ಸಾಲಿನಿಂದ ಕೆಳಗೆ ನೋಡ್ತಾ ಬರುತ್ತೆ. ಮೊದಲನೇದು ಖಾಲಿ ಇದ್ಯಾ? ಇಲ್ಲ. ಎರಡನೇದು? ಇಲ್ಲ. ಮೂರನೇದು? ಇದೆ. ತಗೋ. ನಿಮ್ಮ ಹಿಂದಿನ ರ‍್ಯಾಂಕಿನವರು ಅದನ್ನ "ಮೊದಲನೇ ಆಯ್ಕೆ" ಅಂತ ಹಾಕಿದ್ರೂ ನಿಮ್ಮ ಸರದಿ ಮುಗಿಯೋ ತನಕ ಅವರಿಗೆ ಹೋಗಲ್ಲ. ಅಂದ್ರೆ ಇದು ಬಾಸ್ಟನ್ ವಿಧಾನ ಅಲ್ಲ. ಸಿಗದೇ ಇರೋ ಕಾಲೇಜನ್ನ ಮೇಲೆ ಹಾಕಿದ್ರೆ ಕೆಳಗಿನದು ಕೈತಪ್ಪಲ್ಲ. ಕೈತಪ್ಪೋದು ಉಲ್ಟಾ ಮಾಡಿದಾಗ. "ಸಿಗೋ ಅಂಥದ್ದು" ಅಂತ ಸಾಧಾರಣ ಕಾಲೇಜನ್ನ ಮೇಲೆ ಹಾಕಿದ್ರೆ ಯಂತ್ರ ಅದನ್ನೇ ಕೊಟ್ಟು ನಿಲ್ಲುತ್ತೆ, ಅದರ ಕೆಳಗೆ ನೀವು ಬರೆದ ಒಳ್ಳೇದನ್ನ ನೋಡೋದೇ ಇಲ್ಲ. ದೊಡ್ಡಣ್ಣನ ಮಾತು ಕೇಳಿ ಆ ವರ್ಷ ಹಾಗೆ ಸೀಟು ಕಳ್ಕೊಂಡವರಿಗೆ, ಕಳ್ಕೊಂಡಿದ್ದೀವಿ ಅನ್ನೋದೂ ಗೊತ್ತಾಗಲ್ಲ. "ನನ್ನ ರ‍್ಯಾಂಕಿಗೆ ಇಷ್ಟೇ" ಅಂದ್ಕೊಂಡು ಸುಮ್ಮನಾಗ್ತಾರೆ. ಹಾಗಾಗಿ ಈ ವರ್ಷ ತಮ್ಮನೋ ತಂಗಿಯೋ ಆಪ್ಷನ್ ಎಂಟ್ರಿಗೆ ಕೂತ್ರೆ ಪಕ್ಕದಲ್ಲಿ ಕೂತ್ಕೊಳ್ಳಿ. ಆಸೆಯ ಕ್ರಮದಲ್ಲೇ ಬರೆಸಿ. ಸಿಕ್ಕರೂ ಹೋಗೋದಿಲ್ಲ ಅನ್ನೋ ಕಾಲೇಜನ್ನ ಬರೆಸಲೇಬೇಡಿ, ಯಾಕಂದ್ರೆ ಯಂತ್ರ ನೀವು ಬರೆದದ್ದನ್ನ ನಂಬುತ್ತೆ. ಮೊದಲ ಸುತ್ತಿಗೂ ಮುಂಚೆ ಅಣಕು ಹಂಚಿಕೆ ಅಂತ ಮಾಡ್ತಾರೆ, ಅದನ್ನ ನೋಡಿ ಪಟ್ಟಿ ತಿದ್ದಬಹುದು. ಸುತ್ತುಗಳ, ಶುಲ್ಕದ, ಸೀಟು ಬಿಡೋದರ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗ್ತಿರುತ್ತೆ, ಆ ವರ್ಷದ ಕೈಪಿಡಿಯನ್ನೇ ಓದಿ.

ಐಐಟಿ, ಎನ್‌ಐಟಿಗಳದ್ದೂ ಒಂದು ಮಾತು. 2015ಕ್ಕೆ ಮುಂಚೆ ಎರಡಕ್ಕೂ ಬೇರೆ ಬೇರೆ ಹಂಚಿಕೆ ಇತ್ತು. ಒಬ್ಬನೇ ಎರಡೂ ಕಡೆ ಸೀಟು ಹಿಡ್ಕೊಂಡು ಒಂದನ್ನ ಬಿಡ್ತಿದ್ದ, ಆ ಸೀಟು ಖಾಲಿ ಉಳೀತಿತ್ತು. 2015ರಿಂದ ಜೋಸಾ ಅಂತ ಒಟ್ಟಿಗೆ ಹಂಚ್ತಾರೆ. ಅದರ ಬುನಾದಿ ಗೇಲ್-ಶೇಪ್ಲಿ ನಿಯಮವೇ.

ಕೊನೆಗೆ ಒಂದು ಪ್ರಶ್ನೆ, ಇದು ನನಗೆ ಎಲ್ಲಕ್ಕಿಂತ ಮಜಾ ಅನ್ಸೋದು. ಗೇಲ್-ಶೇಪ್ಲಿಯಲ್ಲಿ ವಿದ್ಯಾರ್ಥಿಗಳು ಕಾಲೇಜಿನ ಬಾಗಿಲು ತಟ್ಟಿದ್ರು. ಕಾಲೇಜುಗಳೇ ಬಂದು ವಿದ್ಯಾರ್ಥಿಗಳ ಬಾಗಿಲು ತಟ್ಟಿದ್ರೆ? ಚಿಕ್ಕ ಉದಾಹರಣೆ. ನೀವು ಮತ್ತು ಗೆಳತಿ, ಕೆಂಪು ಮತ್ತು ಹಸಿರು. ನಿಮಗೆ ಕೆಂಪು ಇಷ್ಟ, ಗೆಳತಿಗೆ ಹಸಿರು ಇಷ್ಟ. ಕಾಲೇಜುಗಳು ತಮ್ಮದೇ ಇಂಟರ್‌ವ್ಯೂ ಮಾಡಿ, ಕೆಂಪಿಗೆ ಗೆಳತಿ ಇಷ್ಟ ಆಗಿದ್ದಾಳೆ, ಹಸಿರಿಗೆ ನೀವು. ಸಿನಿಮಾ ಕಥೆ ಥರ ಇದೆ, ಇರಲಿ. ನೀವು ತಟ್ಟಿದ್ರೆ ನಿಮಗೆ ಕೆಂಪು, ಅವಳಿಗೆ ಹಸಿರು, ಇಬ್ಬರಿಗೂ ಬೇಕಾದ್ದೇ. ಕಾಲೇಜು ತಟ್ಟಿದ್ರೆ ಅವಳಿಗೆ ಕೆಂಪು, ನಿಮಗೆ ಹಸಿರು, ಕಾಲೇಜುಗಳಿಗೆ ಬೇಕಾದ್ದು. ನಿಯಮ ಅದೇ, ಇಬ್ಬರ ಪಟ್ಟಿಯೂ ಅದೇ. ಯಾರು ಮೊದಲು ಕೇಳ್ತಾರೆ ಅನ್ನೋದು ಮಾತ್ರ ಬೇರೆ.

ಅಮೆರಿಕದಲ್ಲಿ ಎಂಬಿಬಿಎಸ್ ಥರದ ಓದು ಮುಗಿಸಿದ ವೈದ್ಯರನ್ನ ಆಸ್ಪತ್ರೆಗಳಿಗೆ ತರಬೇತಿಗೆ ಹಂಚೋಕೆ 1952ರಿಂದ ಒಂದು ವ್ಯವಸ್ಥೆ ಇದೆ. ಗೇಲ್, ಶೇಪ್ಲಿ ಲೇಖನ ಬರೆಯೋಕೆ ಹತ್ತು ವರ್ಷ ಮುಂಚೆಯೇ ಅವರು ಹೆಚ್ಚುಕಮ್ಮಿ ಇದೇ ನಿಯಮ ಬಳಸ್ತಿದ್ರು. ಆದ್ರೆ ಬಾಗಿಲು ತಟ್ಟೋ ಜಾಗದಲ್ಲಿ ಇದ್ದದ್ದು ಆಸ್ಪತ್ರೆಗಳು. 1990ರ ದಶಕದ ಮಧ್ಯದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಇದನ್ನ ಕೇಳೋಕೆ ಶುರು ಮಾಡಿದ್ರು: ಈ ನಿಯಮ ಯಾರ ಕಡೆಗಿದೆ? ಅವರ್ಯಾರೂ ಪ್ರೋಗ್ರಾಮರ್‌ಗಳಲ್ಲ. ಕೊನೆಗೆ ಆಲ್ವಿನ್ ರೋತ್ ಅವರನ್ನ ಕರೆದು ಹೊಸದಾಗಿ ವಿನ್ಯಾಸ ಮಾಡಿಸಿದ್ರು, 1998ರಿಂದ ಅಭ್ಯರ್ಥಿಗಳು ಬಾಗಿಲು ತಟ್ಟೋ ನಿಯಮ ಬಂತು. ಲೆಕ್ಕ ಹಾಕಿ ನೋಡಿದಾಗ ಈ ಬದಲಾವಣೆಯಿಂದ ಬೇರೆ ಜಾಗ ಸಿಗೋದು ಸಾವಿರಕ್ಕೆ ಸುಮಾರು ಒಬ್ಬರಿಗೆ ಅಷ್ಟೇ ಅಂತ ಗೊತ್ತಾಯ್ತು. ಇಷ್ಟಕ್ಕೇನಾ ಗಲಾಟೆ ಅನ್ನಬಹುದು ನೀವು. ಆದ್ರೆ ಆ ಸಾವಿರಕ್ಕೆ ಒಬ್ಬರು ಅನ್ನೋ ಲೆಕ್ಕವೇ, ಯಾರೋ ಕೇಳಿದ್ದಕ್ಕೆ ಹೊರಗೆ ಬಂದದ್ದು. ಕೇಳೋಕೆ ಮುಂಚೆ ಅದು ಹತ್ತಕ್ಕೆ ಒಬ್ಬರೋ ಲಕ್ಷಕ್ಕೆ ಒಬ್ಬರೋ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಮನೆಗೆಲಸ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು ಸಿಎಸ್ ಅನ್‌ಪ್ಲಗ್ಡ್ ಅಂತ ಮಾಡಿದ್ದಾರೆ, ಕಂಪ್ಯೂಟರ್ ಇಲ್ಲದೇ, ಬರೀ ಚೀಟಿ, ಬಳಪ, ಆಟದಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸೋದು. ಚಿಕ್ಕ ಮಕ್ಕಳಿಗೆ ಅಂತ ಮಾಡಿದ್ದು, ನಮಗೂ ಧಾರಾಳವಾಗಿ ಸಾಕು. ಅದೇ ಥರ ಒಂದು ಆಟ: ಹಾಸ್ಟೆಲ್‌ನಲ್ಲಿ ಐದು ಜನ ಸೇರಿ, ಐದು ಚೀಟಿಯಲ್ಲಿ ಐದು ಬಣ್ಣ ಬರೀರಿ, ಒಬ್ಬೊಬ್ಬರು ಗುಟ್ಟಾಗಿ ಆಸೆಯ ಪಟ್ಟಿ ಮಾಡಿ, ರ‍್ಯಾಂಕ್‌ಗೆ ಚೀಟಿ ಎತ್ತಿ. ಮೊದಲು ಬಾಸ್ಟನ್ ವಿಧಾನದಲ್ಲಿ ಹಂಚಿ, ಆಮೇಲೆ ಗೇಲ್-ಶೇಪ್ಲಿಯಲ್ಲಿ. ಯಾರಿಗೆ ಬಣ್ಣ ಬದಲಾಯ್ತು, ಯಾರು ಜಗಳ ಆಡಿದ್ರು, ಒಂದು ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋ ಜಗಳಗಳನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಸಿಗೋಣ.